ಬೇಲಿಯ ಪೊದೆ, ತೋಟದ ಹುಳು

ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ ಕಡೆಯ ಹಣ್ಣಿನ ತೋಟಗಳಲ್ಲಿ ಬೇಲಿ ಅಂದರೆ ಕಲ್ಲುಕಂಬ, ಮುಳ್ಳುತಂತಿ ಮಾತ್ರವಲ್ಲ. ತಂತಿಯ ಎರಡೂ ಮಗ್ಗುಲಲ್ಲಿ ಲಂಟಾನ, ತಂಗಡಿ, ಬಂದರಿ, ಎಕ್ಕ, ಲಕ್ಕಿ, ತುತ್ತಿ ತಾವಾಗಿಯೇ ಎದ್ದು ನಿಂತಿರುತ್ತವೆ. ಅದರಾಚೆ ಗೋಮಾಳವೋ ಕೆರೆ ಅಂಗಳವೋ ಇರುತ್ತದೆ. ಸೀಬೆಯ ಎಲೆ ಕಪ್ಪಾದಾಗ, ಪರಂಗಿಯ ಸುಳಿ ಮುದುರಿದಾಗ ಊರಿನವರ ಬಾಯಲ್ಲಿ ಮೊದಲು ಬರುವ ಮಾತು ಒಂದೇ: "ಬೇಲಿ ಗಿಡದಿಂದಲೇ ಬಂದಿರೋದು, ಜೆಸಿಬಿ ಕರೆಸಿ ಎಲ್ಲಾ ಎತ್ತಿಸಿಬಿಡಿ." ಆ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದ ಅರ್ಧವನ್ನು ನಂಬಿ ಬೇಲಿ ಬೋಳಿಸಿದವರ ತೋಟಗಳಲ್ಲಿ ಮುಂದಿನ ಬೇಸಿಗೆಗೆ ಹುಳು ಹೆಚ್ಚಾಗಿದ್ದನ್ನು ನೋಡಿದ್ದೇನೆ. ಸೀಬೆ, ಪರಂಗಿ, ಮಾವು ಮೂರನ್ನೂ ಇಟ್ಟುಕೊಂಡಿರುವ ನನಗೆ ಬೇಲಿ ಸಾಲು ಕಲಿಸಿದ್ದನ್ನು ಒಂದೊಂದಾಗಿ ಬರೆಯುತ್ತೇನೆ.

1. ಯಾವ ಹುಳು ಬೇಲಿ ದಾಟುತ್ತದೆ, ಯಾವುದು ದಾಟುವುದಿಲ್ಲ ಎಂದು ಮೊದಲು ತಿಳಿದುಕೊಳ್ಳಿ

ರಸ ಹೀರುವ ಹುಳುಗಳೆಲ್ಲ ಒಂದೇ ಜಾತಿಯ ಕಳ್ಳರಲ್ಲ. ಎಕ್ಕದ ಎಳೆ ಕುಡಿಯಲ್ಲಿ ಅರಿಶಿನ ಬಣ್ಣದ ಹೇನು ಮುತ್ತಿಕೊಂಡಿರುವುದನ್ನು ಎಲ್ಲರೂ ಕಂಡಿರುತ್ತಾರೆ. ಮೈಯೆಲ್ಲ ಹಳದಿ, ಕಾಲು ಮತ್ತು ಹಿಂಬದಿಯ ಎರಡು ಕೊಳವೆಗಳು ಕಪ್ಪು. ಅದು ಎಕ್ಕ, ಕಣಗಿಲೆಯಂಥ ಹಾಲು ಬರುವ ವಿಷದ ಗಿಡಗಳಿಗೇ ಅಂಟಿಕೊಂಡು ಬದುಕುವ ಹೇನು. ಸೀಬೆಗಾಗಲಿ ಮಾವಿಗಾಗಲಿ ಬಂದು ಸಂಸಾರ ಹೂಡುವುದಿಲ್ಲ. ಅದನ್ನು ಕಂಡು ಗಾಬರಿಯಾಗಿ ಎಕ್ಕಕ್ಕೆ ಔಷಧಿ ಹೊಡೆದರೆ ಸಾಯುವುದು ಮುಖ್ಯವಾಗಿ ಅಲ್ಲಿ ಮೇಯುತ್ತಿರುವ ಗುಲಗಂಜಿ ಹುಳುಗಳು. ತೋಟದಲ್ಲಿ ಹೇನು ಇಲ್ಲದ ಕಾಲದಲ್ಲಿ ಅವಕ್ಕೆ ಅನ್ನ ಹಾಕುವುದು ಈ ಎಕ್ಕದ ಗಿಡವೇ.

ಮಾವಿನ ಜಿಗಿಹುಳುವಿನ ಕಥೆ ಇದಕ್ಕೆ ಪಕ್ಕಾ ತಿರುಗುಮುರುಗು. ಅದು ಹೂ ಬಿಡುವ ಕಾಲದಲ್ಲಿ ಗೊಂಚಲು ಗೊಂಚಲನ್ನೇ ಒಣಗಿಸುತ್ತದೆ, ಆದರೆ ಬೇಲಿಗೂ ಅದಕ್ಕೂ ಸಂಬಂಧವಿಲ್ಲ. ಹೂವಿಲ್ಲದ ತಿಂಗಳುಗಳನ್ನು ಅದು ಕಳೆಯುವುದು ಮಾವಿನ ಮರದಲ್ಲೇ, ತೊಗಟೆಯ ಬಿರುಕಿನಲ್ಲಿ, ಬಿಸಿಲು ಬೀಳದ ದಟ್ಟ ಕೊಂಬೆಗಳ ಒಳಗೆ. ಕಾಯಿ ಕಿತ್ತ ಮೇಲೆ ಒಳಕೊಂಬೆ ಸವರಿ ಗಾಳಿ ಬೆಳಕು ಬಿಡುವುದು ಅದಕ್ಕೆ ಮದ್ದು. ಬೇಲಿಗೆ ಖರ್ಚು ಮಾಡಿದ ಕೂಲಿ ಅಲ್ಲಿ ದಂಡ.

ದಾಟುವವು ಬೇರೆ ಇವೆ. ಹಿಟ್ಟು ತಿಗಣೆಗಳು, ಸುರುಳಿ ಬಿಳಿನೊಣ, ಕೆಲವು ಶಲ್ಕ ಕೀಟಗಳು, ನಿಂಬೆ ಜಾತಿಯ ಸಿಲ್ಲಾ. ಇವುಗಳಲ್ಲಿ ಹೆಚ್ಚಿನವು ಹತ್ತಾರು ಕುಟುಂಬದ ಗಿಡಗಳ ಮೇಲೆ ಬದುಕಬಲ್ಲವು. ಬೇಲಿಯ ಚಿಂತೆ ಮಾಡಬೇಕಾದ್ದು ಇವುಗಳ ವಿಷಯದಲ್ಲಿ.

2. ಬೆಳ್ಳಗೆ ಕಂಡಿದ್ದೆಲ್ಲ ಹಿಟ್ಟು ತಿಗಣೆಯಲ್ಲ

ಇದನ್ನು ನಾನು ಎಷ್ಟು ಜನರಿಗೆ ಹೇಳಿದರೂ ಸಾಲದು. ಪೊದೆಯ ಟೊಂಗೆಯಲ್ಲಿ ಬಿಳಿ ಹತ್ತಿಯಂತೆ ಕಂಡದ್ದು ನಾಲ್ಕೈದು ಬೇರೆ ಬೇರೆ ಜೀವಿಗಳಾಗಿರಬಹುದು.

ಲಂಟಾನದ ಕಾಂಡಕ್ಕೆ ಅಂಟಿಕೊಂಡು, ಬೆನ್ನಿನ ಮೇಲೆ ಬಿಳಿ ಮೇಣದ ಪಟ್ಟಿಗಳು, ಹಿಂದೆ ಉದ್ದನೆಯ ಗೀರು ಗೀರಾದ ಮೇಣದ ಚೀಲ ಎಳೆದುಕೊಂಡು ನಿಧಾನಕ್ಕೆ ಓಡಾಡುವುದು ಲಂಟಾನ ತಿಗಣೆ. ಸೀಬೆ ಎಲೆಯ ತಳಭಾಗದಲ್ಲಿ ಬೆರಳಚ್ಚಿನಂಥ ಸುರುಳಿ ಗೆರೆಗಳಲ್ಲಿ ಮೇಣ ಬರೆದಿದ್ದರೆ ಅದು ಸುರುಳಿ ಬಿಳಿನೊಣದ ಮೊಟ್ಟೆ ಇಟ್ಟ ಗುರುತು. ಈ ಬಿಳಿನೊಣ ಅಮೆರಿಕ ಖಂಡದ ಉಷ್ಣ ಸೀಮೆಯದು. ಭಾರತದಲ್ಲಿ ಮೊದಲು ಕಂಡದ್ದು 1993ರಲ್ಲಿ, ಕೇರಳದಲ್ಲಿ.

ಹಿಟ್ಟು ತಿಗಣೆ ಎಂದು ಖಾತ್ರಿಯಾದ ಮೇಲೂ ಯಾವ ಹಿಟ್ಟು ತಿಗಣೆ ಎಂಬುದು ಉಳಿಯುತ್ತದೆ. ಕಡ್ಡಿಯಿಂದ ಒಂದನ್ನು ಬಿಳಿ ಕಾಗದದ ಮೇಲೆ ಒತ್ತಿ ನೋಡಿ. ಹಳದಿ ರಸ ಬಂದರೆ ಪರಂಗಿ ಹಿಟ್ಟು ತಿಗಣೆ ಇರಬಹುದು. ಕೆಂಪು ಛಾಯೆ ಬಂದರೆ ದಾಸವಾಳ, ದ್ರಾಕ್ಷಿಗೆ ಬರುವ ಗುಲಾಬಿ ಹಿಟ್ಟು ತಿಗಣೆಯ ಕಡೆ ಅನುಮಾನ ಪಡಬಹುದು. ಪರಂಗಿಯದನ್ನು ಆಲ್ಕೋಹಾಲಿನಲ್ಲಿ ಹಾಕಿಟ್ಟರೆ ಒಂದೆರಡು ದಿನದಲ್ಲಿ ನೀಲಿಗಪ್ಪಾಗುತ್ತದೆ. ಇದು ವಿಜ್ಞಾನಿಗಳ ಪರೀಕ್ಷೆಗೆ ಬದಲಿಯಲ್ಲ, ಆದರೆ ಬದುವಿನ ಮೇಲೆ ನಿಂತಾಗ ದಾರಿ ತೋರುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ. ಹಿಟ್ಟು ತಿಗಣೆಗಳ ನಡುವೆ ಅವಕ್ಕಿಂತ ದಪ್ಪಗೆ, ಉದ್ದುದ್ದ ಬಿಳಿ ಎಳೆಗಳನ್ನು ಹೊದ್ದು, ಚುರುಕಾಗಿ ಓಡಾಡುವ ಒಂದು ಹುಳು ಸಿಗುತ್ತದೆ. "ತಾಯಿ ತಿಗಣೆ ನೋಡಿ, ಎಷ್ಟು ಕೊಬ್ಬಿದೆ" ಎಂದು ಅದನ್ನೇ ಹುಡುಕಿ ಹೊಸಕುವವರಿದ್ದಾರೆ. ಅದು ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ. ಹಿಟ್ಟು ತಿಗಣೆಯನ್ನು ತಿಂದು, ಹಿಟ್ಟು ತಿಗಣೆಯ ವೇಷದಲ್ಲೇ ಬೆಳೆಯುತ್ತದೆ. 1898ರಲ್ಲಿ ಕಾಫಿಯ ಶಲ್ಕ ಕೀಟಕ್ಕೆಂದು ಇದನ್ನು ಆಸ್ಟ್ರೇಲಿಯಾದಿಂದ ದಕ್ಷಿಣ ಭಾರತಕ್ಕೆ ತಂದರು. ಕಾಫಿಯಲ್ಲಿ ಅಂದುಕೊಂಡ ಕೆಲಸ ಆಗಲಿಲ್ಲ, ಆದರೆ ಇಲ್ಲಿನ ಹಿಟ್ಟು ತಿಗಣೆಗಳ ಮೇಲೆ ಅದು ನೆಲೆಯೂರಿತು. ಈಗ ದ್ರಾಕ್ಷಿ ಬಳ್ಳಿಗೆ 10ರಂತೆ ಬಿಡುವ ಪದ್ಧತಿ ಇದೆ. ಸೀಬೆಯ ಹಸಿರು ಶಲ್ಕ ಕೀಟವನ್ನೂ ತಿನ್ನುತ್ತದೆ. ಗುರುತಿಗೆ ಹೇಳುತ್ತೇನೆ: ಹಿಟ್ಟು ತಿಗಣೆ ಕೂತಲ್ಲಿಂದ ಸುಲಭಕ್ಕೆ ಕದಲುವುದಿಲ್ಲ, ಕ್ರಿಪ್ಟೊಲೀಮಸ್ ಮರಿ ಮುಟ್ಟಿದರೆ ಓಡುತ್ತದೆ.

ಇನ್ನೊಬ್ಬ ನೆಂಟನೂ ಇದ್ದಾನೆ. ಸ್ಪಾಲ್ಗಿಸ್ ಎಂಬ ಸಣ್ಣ ಕಂದು ಚಿಟ್ಟೆಯ ಮರಿ ಎಲೆ ತಿನ್ನುವುದಿಲ್ಲ, ಹಿಟ್ಟು ತಿಗಣೆಗಳನ್ನೇ ತಿನ್ನುತ್ತದೆ. ಅದರ ಕೋಶದ ಮೇಲೆ ಥೇಟ್ ಮಂಗನ ಮುಖ ಮೂಡಿರುತ್ತದೆ. ತುತ್ತಿ ಗಿಡದ ಕಾಂಡದಲ್ಲಿ ಅಂಥದ್ದು ಕಂಡರೆ ಆ ಟೊಂಗೆಯನ್ನು ಹಾಗೇ ಬಿಡಿ.

3. ಪರಂಗಿ ಹಿಟ್ಟು ತಿಗಣೆ ಬಂದ ದಾರಿ, ಹೋದ ದಾರಿ

ಬೇಲಿಯ ಬಗ್ಗೆ ಯಾರಿಗಾದರೂ ಒಂದೇ ಒಂದು ಉದಾಹರಣೆ ಹೇಳಬೇಕೆಂದರೆ ಇದನ್ನೇ ಹೇಳುತ್ತೇನೆ.

ಈ ತಿಗಣೆಯ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಕೆರಿಬಿಯನ್ ದ್ವೀಪಗಳಿಗೆ ಹರಡಿ, 1998ರ ಹೊತ್ತಿಗೆ ಅಮೆರಿಕದ ಫ್ಲಾರಿಡಾ ಮುಟ್ಟಿತ್ತು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡಿತು. ಅಲ್ಲಿಂದ ಪರಂಗಿ, ಮರಗೆಣಸು, ಹಿಪ್ಪುನೇರಳೆ ಎಲ್ಲವನ್ನೂ ಹಿಡಿಯಿತು. ರೇಷ್ಮೆಯನ್ನು ನಂಬಿದ ನಮ್ಮ ಸೀಮೆಗೆ ಅದು ಎರಡು ಕಡೆಯಿಂದ ಬಿದ್ದ ಪೆಟ್ಟು. ಪರಂಗಿ ಕಾಯಿಯ ಮೇಲೆ ಬೆರಳು ದಪ್ಪ ಬಿಳಿ ಪದರ, ಹಿಪ್ಪುನೇರಳೆಯ ಸುಳಿಯಲ್ಲಿ ಮುದುಡಿದ ಎಲೆ.

ಜನ ಔಷಧಿ ಹೊಡೆದರು, ಬದಲಿಸಿ ಹೊಡೆದರು. ಮೇಣದ ಹೊದಿಕೆಯ ಕೆಳಗೆ, ಮೊಟ್ಟೆಚೀಲದ ಒಳಗೆ ಔಷಧಿ ಇಳಿಯುವುದಿಲ್ಲ. ಒಂದು ಹೆಣ್ಣು ನೂರರಿಂದ ಆರುನೂರರವರೆಗೆ ಮೊಟ್ಟೆ ಇಡುತ್ತದೆ. ತೋಟದೊಳಗೆ ಹೇಗೋ ತಗ್ಗಿಸಿದರೂ ಬೇಲಿಯಲ್ಲಿ ಕಾಂಗ್ರೆಸ್ ಗಿಡ, ತುತ್ತಿ, ಭೀಮನ ಕಡ್ಡಿ, ಕುಪ್ಪಿ, ಉತ್ತರಾಣಿ, ದಾಸವಾಳ ಎಲ್ಲದರಲ್ಲೂ ಅದು ಕೂತಿತ್ತು. ಅರವತ್ತಕ್ಕೂ ಹೆಚ್ಚು ಬಗೆಯ ಗಿಡಗಳಲ್ಲಿ ಬದುಕುವ ಹುಳುವಿಗೆ ತೋಟದ ಹತ್ತು ಸಾಲು ಯಾವ ಲೆಕ್ಕ? ಆಗ ಬೇಲಿಯೇ ಶತ್ರು ಎಂದು ಎಲ್ಲರಿಗೂ ಅನ್ನಿಸಿದ್ದು ಸಹಜ.

ಬೆಂಗಳೂರಿನ ಹೆಬ್ಬಾಳದಲ್ಲಿರುವ, ಆಗ ಎನ್‌ಬಿಎಐಐ ಎಂದಿದ್ದು ಈಗ ಎನ್‌ಬಿಎಐಆರ್ ಆಗಿರುವ ಕೀಟ ಸಂಸ್ಥೆಯವರು 2010ರಲ್ಲಿ ಅಮೆರಿಕದ ಕೃಷಿ ಇಲಾಖೆಯ ನೆರವಿನಿಂದ ಪೋರ್ಟೊ ರಿಕೊ ದ್ವೀಪದಿಂದ ಮೂರು ಜಾತಿಯ ಪರತಂತ್ರ ಕಣಜಗಳನ್ನು ತರಿಸಿದರು. ಅದರಲ್ಲಿ ಅಸಿರೊಫ್ಯಾಗಸ್ ಪಪಾಯೆ ಎಂಬುದು ಎಲ್ಲಕ್ಕಿಂತ ಚೆನ್ನಾಗಿ ನೆಲೆಯೂರಿತು. ಸಾಸಿವೆ ಕಾಳಿಗಿಂತ ಚಿಕ್ಕ ಕಣಜ. ಎಳೆಯ ತಿಗಣೆಯ ಒಳಗೆ ಮೊಟ್ಟೆ ಇಡುತ್ತದೆ, ಮರಿ ಒಳಗಿನಿಂದಲೇ ತಿಂದು ಮುಗಿಸುತ್ತದೆ, ತಿಗಣೆಯ ಮೈ ಕಂದು ಬಣ್ಣದ ಗಟ್ಟಿ ಡಬ್ಬಿಯಾಗುತ್ತದೆ, ಅದಕ್ಕೊಂದು ತೂತು ಕೊರೆದು ಹೊಸ ಕಣಜ ಹಾರಿಹೋಗುತ್ತದೆ. ಬಿಟ್ಟ ಕಡೆಗಳಲ್ಲಿ ಕೆಲವೇ ತಿಂಗಳಲ್ಲಿ ತಿಗಣೆ ಇಳಿಯಿತು.

ಈ ಕಣಜ ಉಳಿದದ್ದು ಎಲ್ಲಿ ಎಂದು ಯೋಚಿಸಿ. ಪರಂಗಿ ತೋಟದ ಆಯಸ್ಸು ಎರಡು ವರ್ಷ, ಹೆಚ್ಚೆಂದರೆ ಮೂರು. ಹಳೆಯ ತೋಟ ಕಿತ್ತು ಹೊಸದು ಹಾಕುವವರೆಗೆ ಕಣಜಕ್ಕೆ ತಿಗಣೆ ಬೇಕು. ಅದು ಸಿಕ್ಕಿದ್ದು ಬೇಲಿಯ ತುತ್ತಿಯಲ್ಲಿ, ಗೋಮಾಳದ ಕಾಂಗ್ರೆಸ್ ಗಿಡದಲ್ಲಿ. ನಾವು ಶತ್ರುವಿನ ಕೋಟೆ ಎಂದುಕೊಂಡ ಜಾಗವೇ ಅದರ ಶತ್ರುವನ್ನೂ ಸಾಕಿತು. ಇವತ್ತಿಗೂ ನಾನು ಪೊದೆಯಲ್ಲಿ ಹಿಟ್ಟು ತಿಗಣೆ ಕಂಡರೆ ಮೊದಲು ನೋಡುವುದು ತೂತು ಬಿದ್ದ ಕಂದು ಡಬ್ಬಿಗಳಿವೆಯಾ ಎಂದು. ಮಸೂರದಲ್ಲಿ ನೋಡಿದಾಗ ಅವು ಧಾರಾಳವಾಗಿ ಕಂಡರೆ ಆ ಪೊದೆಯನ್ನು ಮುಟ್ಟುವುದಿಲ್ಲ, ಅದರ ಹತ್ತಿರ ಸ್ಪ್ರೇಯರ್ ಒಯ್ಯಲು ಯಾರಿಗೂ ಬಿಡುವುದಿಲ್ಲ. ಒಂದೂ ಇಲ್ಲದೆ ಬರೀ ತಿಗಣೆಯೇ ತುಂಬಿದ್ದು, ಗಾಳಿ ಬೀಸುವ ದಿಕ್ಕಿನಲ್ಲಿ ಎಳೆ ಪರಂಗಿ ಇದ್ದರೆ ಮಾತ್ರ ಆ ಗಿಡ ಹೋಗಬೇಕು.

4. ಸವರುವುದಕ್ಕಿಂತ ಸವರುವ ಕಾಲ ದೊಡ್ಡದು

ಹಿಟ್ಟು ತಿಗಣೆಯ ಹೆಣ್ಣಿಗೆ ರೆಕ್ಕೆ ಇಲ್ಲ. ಊರು ಬದಲಿಸುವುದು ಮೊಟ್ಟೆಯಿಂದ ಆಗ ತಾನೇ ಬಂದ ಮರಿ. ಅದು ನಡೆಯುತ್ತದೆ, ಗಾಳಿಯಲ್ಲಿ ತೇಲುತ್ತದೆ, ಕೂಲಿಯವರ ಬಟ್ಟೆಗೆ, ಕುರಿಯ ತುಪ್ಪಟಕ್ಕೆ, ಕ್ರೇಟಿಗೆ ಅಂಟಿಕೊಳ್ಳುತ್ತದೆ. ಕೂತಿದ್ದ ಗಿಡ ಬಾಡಿದರೆ ಹಸಿರಿದ್ದ ಕಡೆಗೆ ಹೊರಡುತ್ತದೆ.

ಮಾರ್ಚ್ ತಿಂಗಳಲ್ಲಿ ಗೋಮಾಳವೆಲ್ಲ ಒಣಗಿರುವಾಗ ಸುತ್ತಮುತ್ತ ಹಸಿರಾಗಿರುವುದು ಹನಿ ನೀರಾವರಿಯ ನಿಮ್ಮ ತೋಟ ಒಂದೇ. ಆಗ ತುಂಬಿದ ಬೇಲಿಯನ್ನು ಕಡಿದು ಬದುವಿನ ಮೇಲೆ ಹಾಕಿದರೆ ಅದರಲ್ಲಿದ್ದ ಮರಿಗಳೆಲ್ಲ ಎತ್ತ ಹೋಗುತ್ತವೆ ಎಂದು ಹೇಳಬೇಕಾಗಿಲ್ಲ. ಬೇಲಿ ಬೋಳಿಸಿದ ಮೇಲೆ ಹುಳು ಹೆಚ್ಚಾಯಿತು ಎಂದು ಮೊದಲೇ ಹೇಳಿದೆನಲ್ಲ, ಅದರ ಕಾರಣ ಇದೇ.

ಜೋರು ಮಳೆ ಈ ಹುಳುಗಳನ್ನು ತೊಳೆದು ಬೀಳಿಸುತ್ತದೆ. ಆದ್ದರಿಂದ ಪೊದೆಗಳ ಕೆಲಸ ಮಳೆಗಾಲದಲ್ಲಿ, ಹುಳು ಕಡಿಮೆ ಇರುವಾಗ. ಅದೂ ಒಂದೇ ಸಲ ಪೂರ್ತಿ ಅಲ್ಲ. ಒಂದು ವರ್ಷ ಮೂಡಲ ಬೇಲಿ, ಮುಂದಿನ ವರ್ಷ ಪಡುವಣ. ಒಂದು ಕಡೆ ಬೋಳಾದರೂ ಇನ್ನೊಂದು ಕಡೆ ಕಣಜ, ಗುಲಗಂಜಿ ಹುಳುಗಳಿಗೆ ಮನೆ ಉಳಿದಿರುತ್ತದೆ. ತುತ್ತಿ, ಭೀಮನ ಕಡ್ಡಿ, ಕಾಂಗ್ರೆಸ್ ಇವುಗಳ ಲೆಕ್ಕ ಬೇರೆ. ಪರಂಗಿಯ ಪಕ್ಕದ ಪಟ್ಟಿಯಲ್ಲಿ ಅವನ್ನು ಮಳೆಯ ನೆಲ ಹಸಿಯಾಗಿರುವಾಗ, ಹೂವಿಗೆ ಮೊದಲೇ ಬೇರು ಸಹಿತ ಕೀಳಿಸುತ್ತೇನೆ. ಚಳಿಗಾಲ ಕಳೆಯುವವರೆಗೆ ಬಿಟ್ಟರೆ ಅವು ಒಣಗುವ ಹೊತ್ತಿಗೇ ತಿಗಣೆ ತುಂಬಿರುತ್ತದೆ.

ಬೇಸಿಗೆಯಲ್ಲಿ ತೆಗೆಯಲೇಬೇಕಾದ ಗಿಡ ಇದ್ದರೆ, ಕಡಿಯುವ ಮೊದಲು ಅದಕ್ಕೆ ಗೋಣಿಚೀಲ ಹೊದಿಸಿ, ಚೀಲದೊಳಗೇ ಕತ್ತರಿಸಿ ಬಾಯಿ ಕಟ್ಟಿ, ಅಲ್ಲೇ ಗುಂಡಿ ತೋಡಿ ಹೂಳಿ. ತೋಟದ ಮಧ್ಯೆ ಎಳೆದುಕೊಂಡು ಹೋಗಬೇಡಿ.

5. ಎಲೆ ಕಪ್ಪಾದರೆ ಅದರ ಮೇಲಿನ ಎಲೆಯನ್ನು ನೋಡಿ

ಗಿಡದ ರಸದಲ್ಲಿ ಸಕ್ಕರೆ ಹೇರಳ, ಸಾರಜನಕ ಬಹಳ ಕಡಿಮೆ. ಮೈ ಬೆಳೆಸಲು ಬೇಕಾದಷ್ಟು ಸಾರಜನಕಕ್ಕಾಗಿ ಹುಳು ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ರಸ ಕುಡಿದು, ಮಿಕ್ಕ ಸಕ್ಕರೆಯನ್ನು ಅಂಟಾಗಿ ಹೊರಹಾಕುತ್ತದೆ. ಆ ಅಂಟು ಕೆಳಗಿನ ಎಲೆಯ ಮೇಲೆ ಬಿದ್ದು, ಅದರಲ್ಲಿ ಕಪ್ಪು ಬೂಷ್ಟು ಬೆಳೆಯುತ್ತದೆ. ಬೂಷ್ಟು ಎಲೆಯನ್ನು ತಿನ್ನುವುದಿಲ್ಲ, ಬಿಸಿಲನ್ನು ಮರೆ ಮಾಡುತ್ತದೆ. ಶಿಲೀಂಧ್ರನಾಶಕ ಹೊಡೆದು ಕಾಯುವವರಿಗೆ ಇದನ್ನು ವಿವರಿಸಿದ್ದೇನೆ. ಹುಳು ಹೋದರೆ ಬೂಷ್ಟು ತಾನೇ ಒಣಗಿ ಸಿಪ್ಪೆಯಾಗಿ ಉದುರುತ್ತದೆ. ಬೇಲಿಯ ಪೊದೆಯಲ್ಲೂ ಹುಳು ಹುಡುಕಲು ಇದೇ ಸುಲಭದ ದಾರಿ: ಕಪ್ಪಾದ ಎಲೆ ಹುಡುಕಿ, ಅಲ್ಲಿಂದ ತಲೆ ಎತ್ತಿ.

ಯೂರಿಯಾ ಸುರಿದು ಎಲೆಯನ್ನು ಕಡುಹಸಿರು ಮಾಡಿದ ತೋಟಕ್ಕೆ ಈ ಹುಳುಗಳು ಮೊದಲು ಇಳಿಯುವುದೂ ಇದೇ ಕಾರಣಕ್ಕೆ.

6. ಇರುವೆಯ ಸಾಲನ್ನು ಕಡಿಯಿರಿ

ಅಂಟು ಇರುವೆಗೆ ಊಟ. ಅದಕ್ಕಾಗಿ ಇರುವೆ ತಿಗಣೆಯನ್ನು ಕಾಯುತ್ತದೆ, ಗುಲಗಂಜಿ ಹುಳುವನ್ನು ಕಚ್ಚಿ ಓಡಿಸುತ್ತದೆ, ಕಣಜಕ್ಕೆ ಮೊಟ್ಟೆ ಇಡಲು ಬಿಡುವುದಿಲ್ಲ. ಬೇಲಿಯ ಪೊದೆಯಿಂದ ಸೀಬೆ ಮರಕ್ಕೆ ನೆಲದ ಮೇಲೆ ಇರುವೆ ಸಾಲು ಹೋಗಿದ್ದರೆ ಅದರ ಎರಡೂ ತುದಿಯನ್ನು ನೋಡಿ, ಎರಡು ಕಡೆಯೂ ರಸ ಹೀರುವ ಹುಳು ಸಿಗುವುದೇ ಹೆಚ್ಚು. ನೆಲ ಮುಟ್ಟುವ ಕೊಂಬೆಗಳನ್ನು ಕತ್ತರಿಸಿ, ಬೇಲಿಗೂ ಮರಕ್ಕೂ ಟೊಂಗೆ ತಾಕದಂತೆ ಅಂತರ ಬಿಡಿಸಿ, ಕಾಂಡಕ್ಕೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಅದರ ಮೇಲೆ ಅಂಟು ಹಚ್ಚಿ. ತೊಗಟೆಗೆ ನೇರವಾಗಿ ಗ್ರೀಸ್ ಬಳಿಯಬೇಡಿ. ಇರುವೆ ನಿಂತರೆ ಮಿಕ್ಕ ಕೆಲಸವನ್ನು ಗುಲಗಂಜಿ, ಕಣಜಗಳು ಮಾಡಿಕೊಳ್ಳುವುದನ್ನು ಸೀಬೆಯಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ನನ್ನ ಲೆಕ್ಕದಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಫಲ ಕೊಡುವ ಕೆಲಸ ಬೇರೊಂದಿಲ್ಲ.

7. ನೆಲೆಸದೆ ಹೋಗುವ ಹೇನು ಎಲ್ಲಕ್ಕಿಂತ ಕೆಟ್ಟದ್ದು

ಪರಂಗಿಯ ಉಂಗುರ ಚುಕ್ಕೆ ರೋಗ ನಂಜಾಣುವಿನದು. ಅದನ್ನು ಹರಡುವ ಹೇನುಗಳು ಪರಂಗಿಯಲ್ಲಿ ಮನೆ ಮಾಡುವುದೇ ಇಲ್ಲ. ರೆಕ್ಕೆ ಹೇನು ಬಂದು ಕೂರುತ್ತದೆ, ಇದು ತನ್ನ ಗಿಡವೇ ಎಂದು ಸೂಜಿ ಚುಚ್ಚಿ ರುಚಿ ನೋಡುತ್ತದೆ, ಅಲ್ಲವೆಂದು ತಿಳಿದು ಪಕ್ಕದ ಗಿಡಕ್ಕೆ ಹೋಗುತ್ತದೆ. ಆ ಕೆಲವು ಕ್ಷಣಗಳಲ್ಲಿ ನಂಜಾಣು ಒಂದರಿಂದ ಇನ್ನೊಂದಕ್ಕೆ ದಾಟಿರುತ್ತದೆ. ಔಷಧಿ ಹೇನನ್ನು ಕೊಲ್ಲುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಪರಂಗಿಯ ಎಲೆ ತಿರುವಿ ನೋಡಿ "ಹೇನೇ ಇಲ್ಲ, ರೋಗ ಹೇಗೆ ಬಂತು" ಎಂದು ಕೇಳುವವರಿಗೆ ನಾನು ಬದುವಿನ ಗೊಬ್ಬರದ ಗಿಡದ ಕುಡಿ ತೋರಿಸುತ್ತೇನೆ. ಅಲ್ಲಿ ಕರಿ ಹೇನು ಮೆತ್ತಿಕೊಂಡಿರುತ್ತದೆ. ಅದೇ ಕರಿ ಹೇನು ನಮ್ಮ ಅವರೆ ಹೊಲದಲ್ಲೂ ಇರುತ್ತದೆ. ಕುಡಿ ಬಲಿತಾಗ, ಅವರೆ ಒಣಗಿದಾಗ ರೆಕ್ಕೆ ಮೂಡಿಸಿಕೊಂಡು ಹಾರುತ್ತದೆ.

ಇಲ್ಲೊಂದು ಭೇದ ಗಮನಿಸಿ. ಗೊಬ್ಬರದ ಗಿಡದಲ್ಲಿ ಇರುವುದು ಹೇನು ಮಾತ್ರ, ನಂಜಾಣುವಲ್ಲ. ನಂಜಾಣು ಇರುವುದು ರೋಗ ಹಿಡಿದ ಪರಂಗಿಯಲ್ಲಿ, ಸೋರೆ, ಕುಂಬಳದ ಜಾತಿಯ ಕೆಲವು ಬಳ್ಳಿಗಳಲ್ಲಿ. ಹಾಗಾಗಿ ಬೇಲಿಗೆ ಕೈ ಹಾಕುವ ಮೊದಲು ಹಿತ್ತಲಿನ ಹಳೆಯ ರೋಗದ ಪರಂಗಿ ಗಿಡವನ್ನು ಕೀಳಿ. ಸಸಿಯನ್ನು ಬಲೆಯೊಳಗೆ ಬೆಳೆಸಿ. ನಾಟಿಗೆ ಒಂದು ತಿಂಗಳ ಮೊದಲೇ ಸುತ್ತಲೂ ಜೋಳವನ್ನೋ ಮುಸುಕಿನ ಜೋಳವನ್ನೋ ಒತ್ತಾಗಿ ಬಿತ್ತಿ. ಬರುವ ಹೇನು ಮೊದಲು ಜೋಳದಲ್ಲಿ ಕೂತು ಚುಚ್ಚಿ ಸೂಜಿ ಒರೆಸಿಕೊಳ್ಳಲಿ. ಗೊಬ್ಬರದ ಗಿಡದ ಸೊಪ್ಪನ್ನು ಕುಡಿ ಎಳೆಯದಾಗಿರುವಾಗಲೇ ಕೊಯ್ದು ಪಾತಿಗೆ ಹಾಕಿ.

8. ನಿಂಬೆಯಿದ್ದವರು ಕರಿಬೇವು ನೋಡಲಿ

ನಿಂಬೆ, ಮೂಸಂಬಿ, ಕಿತ್ತಳೆಗೆ ಹಸಿರು ರೋಗ ತರುವ ಸಿಲ್ಲಾ ಹುಳು ಕರಿಬೇವಿನ ಚಿಗುರಿನಲ್ಲೂ ಚೆನ್ನಾಗಿ ಮರಿ ಮಾಡುತ್ತದೆ. ಮೊಟ್ಟೆ ಇಡುವುದು ಅರಳದ ಎಳೆ ಚಿಗುರಿನಲ್ಲಿ ಮಾತ್ರ. ಕುರುಚಲು ಕಾಡಿನಲ್ಲಿ ತಾನೇ ಹುಟ್ಟಿದ ಕರಿಬೇವು ಬದುವಿನಲ್ಲಿದ್ದರೆ, ನಿಂಬೆ ಚಿಗುರುವ ಹೊತ್ತಿಗೆ ಅದರ ಕುಡಿಯನ್ನು ಒಮ್ಮೆ ಬಗ್ಗಿಸಿ ನೋಡಿ. ಹಿಂಬದಿ ಎತ್ತಿ ಓರೆಯಾಗಿ ಕೂತ ಪುಟ್ಟ ಕಂದು ಹುಳುಗಳು ಸಿಕ್ಕರೆ ಆ ಚಿಗುರನ್ನು ಸವರಿಬಿಡಿ. ಕರಿಬೇವು ಮತ್ತೆ ಚಿಗುರುತ್ತದೆ.

9. ಧೂಳಿನ ಬದಿ

ಜಲ್ಲಿ ಕ್ರಷರ್ ಲಾರಿಗಳು ಓಡಾಡುವ ದಾರಿಯ ಪಕ್ಕದ ಬೇಲಿಯಲ್ಲಿ ಶಲ್ಕ ಕೀಟ, ಹಿಟ್ಟು ತಿಗಣೆ ಯಾವತ್ತೂ ಹೆಚ್ಚು. ಧೂಳು ಸಣ್ಣ ಕಣಜಗಳಿಗೆ ಆಗುವುದಿಲ್ಲ. ಆ ಬದಿಯ ಎರಡು ಸಾಲಿಗೆ ಬೇಸಿಗೆಯಲ್ಲಿ ಬರೀ ನೀರು ಒತ್ತಡದಿಂದ ಹೊಡೆಸುವುದು ಔಷಧಿಗಿಂತ ಒಳ್ಳೆಯದು.

10. ಯಾವುದು ಇರಲಿ, ಯಾವುದು ಹೋಗಲಿ

ತಂಗಡಿ, ಲಕ್ಕಿ, ಬಂದರಿ, ಹೊಂಗೆ ನನ್ನ ಬೇಲಿಯಲ್ಲಿ ಇರುತ್ತವೆ. ಇವು ಈ ನೆಲದವೇ, ನೀರು ಕೇಳುವುದಿಲ್ಲ, ವರ್ಷದ ಬೇರೆ ಬೇರೆ ಕಾಲಕ್ಕೆ ಹೂ ಬಿಟ್ಟು ಕಣಜಗಳಿಗೂ ಜೇನಿಗೂ ಆಹಾರ ಒದಗಿಸುತ್ತವೆ. ಎಕ್ಕ ಇರುತ್ತದೆ, ಕಾರಣ ಹೇಳಿದ್ದೇನೆ. ದಾಸವಾಳವನ್ನು ದ್ರಾಕ್ಷಿ ಚಪ್ಪರದ ಹತ್ತಿರ ನೆಡಬೇಡಿ ಎಂದು ಚಿಕ್ಕಬಳ್ಳಾಪುರ ಕಡೆಯ ನೆಂಟರಿಗೆ ಹೇಳುತ್ತಿರುತ್ತೇನೆ. ಗುಲಾಬಿ ಹಿಟ್ಟು ತಿಗಣೆಗೆ ಅದು ಅಚ್ಚುಮೆಚ್ಚು.

ಲಂಟಾನದ ಬಗ್ಗೆ ನನ್ನ ಅಭಿಪ್ರಾಯ ಖಡಕ್ಕಾಗಿದೆ. ಅಂದದ ಹೂವಿಗೆಂದು ಬ್ರಿಟಿಷರ ಕಾಲದಲ್ಲಿ ಬಂದ ಈ ಗಿಡ ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳನ್ನು ನುಂಗಿರುವುದನ್ನು ನೋಡಿದವರು ಅದನ್ನು ಬೇಲಿಯಲ್ಲಿ ಸಾಕಲಾರರು. ಅದು ಹೋಗಬೇಕು. ಆದರೆ ತೋಟಕ್ಕೆ ಹುಳು ಬಂತೆಂಬ ಸಿಟ್ಟಿನಲ್ಲಿ ಒಂದೇ ದಿನ ಕೀಳಬಾರದು. ಪಕ್ಕದಲ್ಲಿ ಲಕ್ಕಿಯನ್ನೋ ತಂಗಡಿಯನ್ನೋ ಎಬ್ಬಿಸಿಕೊಂಡು, ಮಳೆಗಾಲಕ್ಕೆ ಒಂದಿಷ್ಟರಂತೆ ಬೇರು ಸಮೇತ ತೆಗೆಯಬೇಕು. ಬರೀ ಕಡಿದರೆ ಎರಡರಷ್ಟು ಚಿಗುರುತ್ತದೆ, ಆ ಎಳೆ ಚಿಗುರೇ ಹುಳುವಿಗೆ ಹಬ್ಬ.

11. ಹೊಸದು ಕಂಡರೆ ಕಳಿಸಿ

ಪರಂಗಿ ಹಿಟ್ಟು ತಿಗಣೆ, ಸುರುಳಿ ಬಿಳಿನೊಣ, 2016ರಲ್ಲಿ ಪೊಳ್ಳಾಚಿ ಕಡೆಯ ತೆಂಗಿನಲ್ಲಿ ಕಂಡ ಅದರ ದಾಯಾದಿ, ಎಲ್ಲವೂ ಹೊರಗಿನಿಂದ ಬಂದವು. ಮುಂದೆಯೂ ಬರುತ್ತವೆ. ಬಹಳ ಸಲ ಮೊದಲು ಕೂರುವುದು ಯಾರೂ ನೋಡದ ಬೇಲಿ ಗಿಡದ ಮೇಲೆ. ವಾರಕ್ಕೊಮ್ಮೆ ಬದು ಸುತ್ತುವಾಗ ಜೇಬಿನಲ್ಲಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಒಂದು ಬಿಳಿ ಕಾಗದ, ಆಲ್ಕೋಹಾಲ್ ಹಾಕಿದ ಸಣ್ಣ ಸೀಸೆ ಇರಲಿ. ಟೊಂಗೆಯನ್ನು ಕಾಗದದ ಮೇಲೆ ತಟ್ಟಿ, ಬಿದ್ದದ್ದು ಗುರುತು ಸಿಗದಿದ್ದರೆ ಸೀಸೆಗೆ ಹಾಕಿ, ಯಾವ ಗಿಡ, ಯಾವ ಊರು, ಯಾವ ತಾರೀಖು ಎಂದು ಚೀಟಿ ಬರೆದು ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಗೋ, ಹೆಬ್ಬಾಳದ ಕೀಟ ಸಂಸ್ಥೆಗೋ ಮುಟ್ಟಿಸಿ. ಚೀಟಿಗೆ ಸೀಸದ ಕಡ್ಡಿಯಲ್ಲೇ ಬರೆಯಿರಿ, ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ. ಜೀವಂತ ಹುಳುವಿರುವ ಟೊಂಗೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಸ್ಸು ಹತ್ತಬೇಡಿ; ದಾರಿಯಲ್ಲಿ ಇರುವ ತೋಟಗಳೂ ಯಾರದೋ ಬದುಕೇ.